ಮೂರು ಕವಲು, ಒಂದು ಆಯ್ಕೆ: ನಾಕೌಟ್ ಓರಿಯಂಟೀರಿಂಗ್‌ನ ಒಂದು ಪ್ರಕರಣ

ಸ್ವೀಡನ್ನಿನ ಒಂದು ಸಣ್ಣ ಊರಿನಲ್ಲಿ, ಎಲೆ ಉದುರುವ ಕಾಲದ ಒಂದು ಭಾನುವಾರ ನಡೆದ ಸಂಗತಿ ಇದು. ಊರು, ಕ್ಲಬ್ಬು, ವರ್ಷ, ಓಟಗಾರರು ಯಾವುದರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗುವಂಥ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಪಕ್ಕದ ಊರಿನ ಕ್ಲಬ್ಬಿನ ಪರವಾಗಿ ನಾನು ಅವತ್ತಿನ ತಕರಾರು ತೀರ್ಮಾನಿಸುವ ಮೂವರ ಜ್ಯೂರಿಯಲ್ಲಿದ್ದೆ. ಹೊಸ ಮಾದರಿಯ ಓಟ ಇಡಬೇಕು ಅಂತ ಯೋಚಿಸುವ ಯಾರಿಗಾದರೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಓರಿಯಂಟೀರಿಂಗ್ ನೋಡಿಲ್ಲದವರಿಗೆ ಮೊದಲು ಎರಡು ಮಾತು. ಕೈಯಲ್ಲಿ ನಕ್ಷೆ, ದಿಕ್ಸೂಚಿ. ನಕ್ಷೆಯಲ್ಲಿ ಗುರುತು ಮಾಡಿದ ಕಂಟ್ರೋಲ್‌ಗಳನ್ನು ಕ್ರಮವಾಗಿ ಮುಟ್ಟಿಕೊಂಡು ಬರಬೇಕು. ಪ್ರತಿ ಕಂಟ್ರೋಲ್‌ನಲ್ಲೂ ಕಿತ್ತಳೆ-ಬಿಳಿ ಬಾವುಟ ಇರುತ್ತದೆ, ಬೆರಳಿಗೆ ಕಟ್ಟಿದ ಚಿಪ್‌ನಲ್ಲಿ ಸಮಯ ದಾಖಲಾಗುತ್ತದೆ. ನಡುವಿನ ದಾರಿ ಯಾವುದು ಅನ್ನೋದು ಓಡುವವರ ತಲೆಗೆ ಬಿಟ್ಟದ್ದು. ಕಾಲಿನಷ್ಟೇ ಕಣ್ಣೂ ಓಡಬೇಕು.

ಕಾಡಿನಲ್ಲಿ ಶುರುವಾದ ಆಟ ಇದು. ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1961ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ 1966ರಲ್ಲಿ, ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ. ಆಮೇಲೆ ಆಟ ಊರೊಳಗೂ ಬಂತು. 2001ರಲ್ಲಿ ಸ್ಪ್ರಿಂಟ್ ಅನ್ನುವ ಚಿಕ್ಕ, ಚುರುಕಿನ ಓಟ ಸೇರಿತು, 2014ರಲ್ಲಿ ಗಂಡಸರು ಹೆಂಗಸರು ಕೂಡಿ ಓಡುವ ಸ್ಪ್ರಿಂಟ್ ರಿಲೇ ಸೇರಿತು, 2022ರಲ್ಲಿ ಡೆನ್ಮಾರ್ಕಿನಲ್ಲಿ ನಾಕೌಟ್ ಸ್ಪ್ರಿಂಟ್ ಮೊದಲ ಸಲ ವಿಶ್ವ ಪದಕದ ಓಟವಾಯಿತು.

ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ವಿಶ್ವ ಚಾಂಪಿಯನ್‌ಷಿಪ್‌ನ ಲಾಂಗ್ ಓಟದಲ್ಲಿ 3 ನಿಮಿಷಕ್ಕೊಬ್ಬರು, ಮಿಡಲ್‌ನಲ್ಲಿ 2 ನಿಮಿಷಕ್ಕೊಬ್ಬರು, ಸ್ಪ್ರಿಂಟ್‌ನಲ್ಲಿ 1 ನಿಮಿಷಕ್ಕೊಬ್ಬರು. ಯಾರೂ ಯಾರ ಬೆನ್ನು ಹಿಡಿಯಬಾರದು, ತನ್ನ ದಾರಿ ತಾನೇ ಹುಡುಕಬೇಕು. ಇದೇ ಅತಿ ನ್ಯಾಯದ ಮಾದರಿ ಅಂತ ಹಳಬರು ಹೇಳುತ್ತಾರೆ. ನಾನು ಪೂರ್ತಿ ಒಪ್ಪೋದಿಲ್ಲ. ಮೊದಲು ಹೊರಟವರು ಹುಲ್ಲು, ಪಾಚಿ ತುಳಿದು ದಾರಿ ಮಾಡುತ್ತಾರೆ, ಕೊನೆಗೆ ಹೊರಟವರಿಗೆ ಆ ಜಾಡು ಪುಕ್ಕಟೆ ಸಿಗುತ್ತದೆ. ನಡುವೆ ಮಳೆ ಬಂದರೆ ಕೆಲವರಿಗೆ ಒಣ ಬಂಡೆ, ಕೆಲವರಿಗೆ ಜಾರುವ ಬಂಡೆ. ಹಿಂದಿನಿಂದ ಒಬ್ಬ ಗಟ್ಟಿ ಓಟಗಾರ ಬಂದು ಹಿಡಿದರೆ ಅವನ ಜೊತೆ ಸೇರಿಕೊಂಡು ಸಮಯ ಉಳಿಸುವವರೂ ಇದ್ದಾರೆ. ಇವೆಲ್ಲ ನಮಗೆ ಅಭ್ಯಾಸವಾಗಿಬಿಟ್ಟಿವೆ, ಅಷ್ಟೇ. ಹೊಸ ಮಾದರಿಯ ಅನ್ಯಾಯ ಮಾತ್ರ ಬೇಗ ಕಣ್ಣಿಗೆ ಬೀಳುತ್ತದೆ.

ನಾಕೌಟ್‌ನಲ್ಲಿ ಆರಾರು ಜನ ಒಟ್ಟಿಗೆ ಹೊರಡುತ್ತಾರೆ. ಒಂದು ಹೀಟ್, ಅಂದರೆ ಒಂದು ಗುಂಪಿನ ಓಟ, ಮುಗಿಯಲು ಆರೆಂಟು ನಿಮಿಷ. ಮೊದಲು ಗೆರೆ ಮುಟ್ಟಿದವರು ಮುಂದಿನ ಸುತ್ತಿಗೆ, ಉಳಿದವರು ಮನೆಗೆ. ಬೇಲಿ ಪಕ್ಕ ನಿಂತು ನೋಡುವ ಅಜ್ಜಿಗೂ ಯಾರು ಮುಂದಿದ್ದಾರೆ ಅಂತ ತಿಳಿಯುತ್ತದೆ. ಆದರೆ ಒಟ್ಟಿಗೆ ಹೊರಟರೆ ಒಂದು ತೊಂದರೆ ಇದೆ. ಮುಂದಿನವರ ಬೆನ್ನು ನೋಡಿಕೊಂಡು ಓಡಿದರೆ ಸಾಕು, ನಕ್ಷೆ ಓದುವ ಕೆಲಸವೇ ಇಲ್ಲ. ಅದಕ್ಕೇ ಕವಲು ಬೇಕು. ನಡುವೆ ಒಂದು ಕಡೆ ಕೋರ್ಸ್, ಅಂದರೆ ಕಂಟ್ರೋಲ್‌ಗಳ ಸಾಲು, ಮೂರು ತುಂಡಾಗಿ ಒಡೆಯುತ್ತದೆ, ಒಬ್ಬೊಬ್ಬರು ಒಂದೊಂದು ಕಂಟ್ರೋಲ್‌ಗೆ ಹೋಗಿ ಮತ್ತೆ ಒಂದೇ ಕಡೆ ಸೇರುತ್ತಾರೆ.

ಕವಲಿನಲ್ಲಿ ನ್ಯಾಯ ಎಲ್ಲಿಂದ ಬರುತ್ತದೆ? ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ರಿಲೇಯಲ್ಲಿ ಅದು ಸುಲಭ. ಒಂದು ತಂಡದ ಮೂವರು ಮೂರು ಕವಲು ಓಡುತ್ತಾರೆ, ಕೊನೆಗೆ ಎಲ್ಲ ತಂಡವೂ ಎಲ್ಲ ಕವಲನ್ನೂ ಓಡಿರುತ್ತದೆ. ಒಬ್ಬರೇ ಓಡುವ ಓಟಕ್ಕೆ ಬಟರ್‌ಫ್ಲೈ ಸುತ್ತು ಇದೆ. ನಡುವೆ ಒಂದು ಕಂಟ್ರೋಲ್, ಅದರ ಎರಡು ಕಡೆ ರೆಕ್ಕೆಯ ಹಾಗೆ ಎರಡು ಸುತ್ತು. ಅರ್ಧ ಜನ ಎಡ ರೆಕ್ಕೆ ಮೊದಲು, ಅರ್ಧ ಜನ ಬಲ ರೆಕ್ಕೆ ಮೊದಲು. ಕೊನೆಗೆ ಎಲ್ಲರೂ ಎರಡನ್ನೂ ಓಡಿರುತ್ತಾರೆ. ಮೂರನೆಯದು ಓಟಗಾರರೇ ಕವಲು ಆರಿಸುವ ಪದ್ಧತಿ. ಹೊರಡುವ ಮುಂಚೆ ಮೂರೂ ಕವಲಿನ ನಕ್ಷೆ ತೋರಿಸುತ್ತಾರೆ. ನೋಡಲು 20 ಸೆಕೆಂಡು. ಒಂದನ್ನು ಆರಿಸಬೇಕು. ಉಳಿದೆರಡನ್ನು ಆ ಓಟಗಾರರು ಓಡೋದೇ ಇಲ್ಲ.

ಅಂದರೆ ಇಲ್ಲಿ ಸಮ ಮಾಡುವವರು ಯಾರೂ ಇಲ್ಲ. ಕಂಬಳದ ಜೋಡುಕರೆಯಲ್ಲಿ, ಅಂದರೆ ಕೋಣಗಳು ಓಡುವ ಅಕ್ಕಪಕ್ಕದ ಎರಡು ಕೆಸರು ದಾರಿಗಳಲ್ಲಿ, ಯಾವ ಕರೆಯ ಕೆಸರು ಹೇಗಿದೆ ಅಂತ ದಡದಲ್ಲಿ ನಿಂತವರೆಲ್ಲ ನೋಡಿ ಮಾತಾಡಿಕೊಳ್ಳಬಹುದು. ಇಲ್ಲಿ ಕವಲು ಮನೆಗಳ ಹಿಂದೆ ಎಲ್ಲೋ ಇರುತ್ತದೆ, ಕೋರ್ಸ್ ಹಾಕಿದವರನ್ನು ಬಿಟ್ಟರೆ ಬೇರೆ ಯಾರೂ ಅದನ್ನು ನೋಡಿರೋದಿಲ್ಲ.

ಅವತ್ತಿನ ಏರ್ಪಾಡು

ಹಳೆಯ ಮರದ ಮನೆಗಳ ಊರು. ಕಲ್ಲು ಹಾಸಿದ ಓಣಿಗಳು, ಒಂದು ಸಣ್ಣ ಗುಡ್ಡ, ಅದರ ಮೇಲೊಂದು ಚರ್ಚು. ಸ್ಪ್ರಿಂಟ್‌ಗೆ ಹೇಳಿ ಮಾಡಿಸಿದ ಜಾಗ. ಬೆಳಗ್ಗೆ ಅರ್ಹತಾ ಓಟ. ಅದರಿಂದ 18 ಜನ ಮಧ್ಯಾಹ್ನದ ಮೂರು ಸೆಮಿಫೈನಲ್‌ಗೆ. ಪ್ರತಿ ಸೆಮಿಯಿಂದ ಇಬ್ಬರು, ಒಟ್ಟು ಆರು ಜನ ಫೈನಲ್‌ಗೆ. ಕ್ಲಬ್ಬಿಗೆ ಇದು ಮೊದಲ ನಾಕೌಟ್. ಬೆಳಗಿನ ಓಟ ಸಲೀಸಾಗಿ ಮುಗಿಯಿತು. ತಕರಾರು ಬಂದದ್ದು ಮಹಿಳೆಯರ ಸೆಮಿಯಲ್ಲಿ.

ಸೆಮಿಗೆ ಎ, ಬಿ, ಸಿ ಅಂತ ಮೂರು ಕವಲು. ಮೂರೂ ಸೆಮಿಗೆ ಅವೇ ಕವಲು. ಬೇರೆ ಬೇರೆ ಮಾಡಿದರೆ ಕಂಟ್ರೋಲ್ ಜಾಸ್ತಿ, ನಕ್ಷೆ ಜಾಸ್ತಿ, ಜನ ಜಾಸ್ತಿ ಬೇಕು. ಇದ್ದವರೆಲ್ಲ ಸ್ವಯಂಸೇವಕರು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ.

ಓಟದ ಹಿಂದಿನ ವಾರ ಹಂಚಿದ ಬುಲೆಟಿನ್‌ನಲ್ಲಿ ಒಂದು ಸಾಲು ಇತ್ತು. ಮೂರೂ ಕವಲಿಗೆ ಒಂದೇ ಹೊತ್ತು ಹಿಡಿಯುತ್ತದೆ, ಇಷ್ಟವಾದದ್ದನ್ನು ಆರಿಸಿಕೊಳ್ಳಿ ಅನ್ನುವ ಅರ್ಥದ ಸಾಲು. ಓದಿದಾಗ ಯಾರಿಗೂ ಅದು ದೊಡ್ಡದಾಗಿ ಕಾಣಲಿಲ್ಲ.

ಎಡವಿದ್ದು

ಮೊದಲ ಸೆಮಿಯಲ್ಲಿ ಮೂವರು ಎ ಹಿಡಿದರು, ಇಬ್ಬರು ಬಿ, ಒಬ್ಬಾಕೆ ಸಿ. ಸಿ ಹಿಡಿದವಳು ಕವಲಿಗೆ ಹೋಗುವಾಗ ಎರಡನೆಯವಳ ಪಕ್ಕದಲ್ಲೇ ಇದ್ದಳು. ಕವಲಿನಿಂದ ಹೊರಬಂದಾಗ ಕೊನೆಯಲ್ಲಿದ್ದಳು. ಅಲ್ಲಿಂದ ಮೂವರನ್ನು ದಾಟಿ ಮೂರನೆಯವಳಾಗಿ ಗೆರೆ ಮುಟ್ಟಿದಳು. ಫೈನಲ್ ತಪ್ಪಿದ್ದು 3 ಸೆಕೆಂಡಿನಲ್ಲಿ.

ಕಾಮೆಂಟೇಟರ್‌ಗೆ ಇದೆಲ್ಲ ಹಬ್ಬ. ಯಾರು ಯಾವ ಕವಲು ಹಿಡಿದರು ಅನ್ನುವ ಪಟ್ಟಿ ಅವರ ಕೈಯಲ್ಲಿತ್ತು. ಎ ಹಿಡಿದವರೆಲ್ಲ ಮುಂದೆ, ಸಿ ಹಿಡಿದವಳು ಹಿಂದೆ ಅಂತ ಮೈಕಿನಲ್ಲಿ ಜೋರಾಗಿ ಹೇಳಿದರು. ಎರಡನೇ, ಮೂರನೇ ಸೆಮಿಯವರು ಹತ್ತಿರದ ಶಾಲೆಯ ಅಂಗಳದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಫೋನ್ ಕಿತ್ತುಕೊಂಡಿದ್ದರು, ಗೇಟಿನ ಬಳಿ ಒಬ್ಬರನ್ನು ಕಾವಲು ನಿಲ್ಲಿಸಿದ್ದರು. ಮೈಕಿನ ದನಿ ಗೋಡೆ ದಾಟಿ ಬರುತ್ತದೆ ಅನ್ನೋದನ್ನು ಯಾರೂ ಯೋಚಿಸಿರಲಿಲ್ಲ.

ಎರಡನೇ ಸೆಮಿಯಲ್ಲಿ ನಾಲ್ವರು ಎ ಹಿಡಿದರು, ಒಬ್ಬಳು ಬಿ, ಒಬ್ಬಳು ಸಿ. ಮೂರನೆಯದರಲ್ಲಿ ಆರಕ್ಕೆ ಆರೂ ಎ. ಅಲ್ಲಿಗೆ ಕವಲು ಅನ್ನೋದೇ ಇಲ್ಲವಾಯಿತು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಓಡಿ, ಕೊನೆಯ ನೂರು ಮೀಟರಿನಲ್ಲಿ ಕಾಲು ಗಟ್ಟಿ ಇದ್ದವರು ಗೆದ್ದರು.

ಮೊದಲ ಸೆಮಿಯ ಸಿ ಓಟಗಾರ್ತಿ ಸಂಘಟಕರಿಗೆ ದೂರು ಕೊಟ್ಟಳು. ಎರಡು ಅಂಶ. ಒಂದು, ಕವಲುಗಳು ಸಮ ಇರಲಿಲ್ಲ. ಎರಡು, ಆಮೇಲಿನ ಸೆಮಿಗಳವರಿಗೆ ಯಾವುದು ಒಳ್ಳೆಯದು ಅಂತ ಮೊದಲೇ ಗೊತ್ತಾಯಿತು. ಸಂಘಟಕರ ಉತ್ತರ ಚುಟುಕಾಗಿತ್ತು. "ನೀನೇ ಆರಿಸಿದ್ದಲ್ವಾ?" ಈ ಆಟದ ನಿಯಮದಲ್ಲಿ ಮೊದಲು ದೂರು ಸಂಘಟಕರಿಗೆ, ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಜ್ಯೂರಿಗೆ. ಅವಳು ಮೇಲ್ಮನವಿ ಬರೆದುಕೊಟ್ಟಳು. ಫೈನಲ್‌ಗೆ ಇನ್ನು ಒಂದು ಗಂಟೆಯೂ ಇರಲಿಲ್ಲ.

ಜ್ಯೂರಿಯ ಕೋಣೆಯಲ್ಲಿ

ಮೂವರಲ್ಲಿ ಒಬ್ಬರು ದಶಕಗಳಿಂದ ಕೋರ್ಸ್ ಹಾಕಿದ ಹಿರಿಯರು. ಅವರ ಮಾತು ನೇರ. ನಕ್ಷೆ ಓದೋದೇ ಈ ಆಟ, 20 ಸೆಕೆಂಡಿನಲ್ಲಿ ಯಾವ ಕವಲು ಬೇಗ ಅಂತ ಕಂಡುಹಿಡಿಯೋದೂ ಓದುವುದರಲ್ಲೇ ಸೇರಿತು. ಒಂದೇ ಸೆಮಿಯ ಆರೂ ಜನಕ್ಕೆ ಅವೇ ಮೂರು ನಕ್ಷೆ, ಅಷ್ಟೇ ಹೊತ್ತು ಸಿಕ್ಕಿತ್ತು. ಕವಲುಗಳು ಸಮ ಇರಬೇಕು ಅಂತೇನೂ ಇಲ್ಲ, ವ್ಯತ್ಯಾಸ ಇದ್ದರೇ ಆಯ್ಕೆಗೆ ಬೆಲೆ ಅಂದರು.

ಈ ವಾದಕ್ಕೆ ಬಲ ಇದೆ. ಆದರೆ ಬುಲೆಟಿನ್ ಅದಕ್ಕೆ ಅಡ್ಡ ಬರುತ್ತದೆ ಅಂತ ನಾನು ಹೇಳಿದೆ. ಮೂರೂ ಸಮ ಅಂತ ಕ್ಲಬ್ಬೇ ಬರೆದುಕೊಟ್ಟಿತ್ತು. ಸಮ ಅಂದಮೇಲೆ ಯಾವುದು ಬೇಗ ಅಂತ ಹುಡುಕುವವರು ಯಾರು? ಆ ಹುಡುಗಿಯನ್ನು ಕರೆದು ಕೇಳಿದೆವು. ತಾನು ಯಾವುದು ಬೇಗ ಅಂತ ನೋಡಲೇ ಇಲ್ಲ, ಯಾವುದನ್ನು ಬೇರೆಯವರು ಆರಿಸೋದಿಲ್ಲ ಅಂತ ನೋಡಿದೆ ಅಂದಳು. ಒಬ್ಬಳೇ ಓಡಿದರೆ ಓಣಿಯಲ್ಲಿ ಗುಂಪಿನ ನೂಕಾಟ ಇರೋದಿಲ್ಲ ಅನ್ನೋದು ಅವಳ ಲೆಕ್ಕ. ಕವಲುಗಳು ನಿಜವಾಗಿಯೂ ಸಮ ಇದ್ದಿದ್ದರೆ ಅದು ಜಾಣ ಲೆಕ್ಕವೇ.

ಹಾಗಾದರೆ ಸಮ ಇದ್ದವೋ ಇಲ್ಲವೋ? ಚಿಪ್‌ನ ಮಧ್ಯಂತರ ಸಮಯ ತರಿಸಿದೆವು. ಕವಲಿನ ಹಿಂದಿನ ಕಂಟ್ರೋಲ್‌ನಿಂದ ಮುಂದಿನ ಕಂಟ್ರೋಲ್‌ವರೆಗೆ ಅವಳು ತನ್ನ ಸೆಮಿಯ ಅತಿ ವೇಗದ ಎ ಓಟಗಾರ್ತಿಗಿಂತ 9 ಸೆಕೆಂಡು ಹಿಂದಿದ್ದಳು. ಎರಡನೇ ಸೆಮಿಯ ಸಿ ಓಟಗಾರ್ತಿ 12 ಸೆಕೆಂಡು. ಎ ಮತ್ತು ಬಿ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಸಿ ಓಡಿದ್ದು ಇಬ್ಬರೇ. ಇಬ್ಬರೂ ಎಲ್ಲೋ ತಡವರಿಸಿರಬಹುದಲ್ಲ ಅಂತ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ.

ಆಗ ಜ್ಯೂರಿಯ ಮೂರನೆಯವರು, ಒಬ್ಬ ತರಬೇತುದಾರರು, ಕೋರ್ಸ್ ಪ್ಲಾನರ್‌ನ ಕೇಳಿದರು: "ಮೊದಲೇ ಓಡಿಸಿ ನೋಡಿದ್ರಾ? ಸಮಯ ಬರೆದಿಟ್ಟಿದ್ದೀರಾ?" ಪ್ಲಾನರ್ ಮರುಮಾತಿಲ್ಲದೆ ತಮ್ಮ ಫೈಲಿನಿಂದ ಒಂದು ಹಾಳೆ ತೆಗೆದುಕೊಟ್ಟರು. ಕ್ಲಬ್ಬಿನ ಒಬ್ಬ ಹುಡುಗನನ್ನು ಒಂದು ಸಂಜೆ ಮೂರೂ ಕವಲಿನಲ್ಲಿ ಓಡಿಸಿದ್ದರು. ಎ ಮತ್ತು ಬಿ ಹೆಚ್ಚೂಕಮ್ಮಿ ಒಂದೇ. ಸಿ 11 ಸೆಕೆಂಡು ಜಾಸ್ತಿ. ಅದರ ಪಕ್ಕ ಪೆನ್ಸಿಲಿನಲ್ಲಿ ಒಂದೇ ಪದ: ದಣಿದಿದ್ದ.

ಇಡೀ ಪ್ರಕರಣ ತಿರುಗಿದ್ದು ಆ ಹಾಳೆಯಿಂದ. ಹುಡುಗ ಓಡಿದ್ದು ಎ, ಬಿ, ಸಿ ಅನ್ನುವ ಕ್ರಮದಲ್ಲಿ. ಸಿ ಬರುವ ಹೊತ್ತಿಗೆ ಅವನು ದಣಿದಿದ್ದದ್ದು ನಿಜವೇ ಇರಬಹುದು. ಆದರೆ ದಣಿವಿನಿಂದ ಎಷ್ಟು ಸೆಕೆಂಡು ಹೋಯಿತು, ಓಣಿಯಿಂದ ಎಷ್ಟು ಹೋಯಿತು ಅಂತ ಬಿಡಿಸಿ ಹೇಳಲು ಆ ಪರೀಕ್ಷೆಯಲ್ಲಿ ದಾರಿಯೇ ಇರಲಿಲ್ಲ. ಮೂವರು ಓಟಗಾರರು ಬೇಕಿತ್ತು. ಒಬ್ಬ ಎ-ಬಿ-ಸಿ, ಒಬ್ಬ ಬಿ-ಸಿ-ಎ, ಒಬ್ಬ ಸಿ-ಎ-ಬಿ ಓಡಿದ್ದರೆ ದಣಿವು ಮೂರೂ ಕವಲಿಗೆ ಸಮನಾಗಿ ಹಂಚಿಹೋಗುತ್ತಿತ್ತು. ಬಟರ್‌ಫ್ಲೈ ಸುತ್ತಿನಲ್ಲಿ ಕ್ರಮ ಅದಲುಬದಲು ಮಾಡುವುದನ್ನು ಈ ಆಟದವರು ಬಹಳ ಹಿಂದೆಯೇ ಕಲಿತಿದ್ದಾರೆ. ಪರೀಕ್ಷೆಗೆ ಮಾತ್ರ ಅದು ನೆನಪಾಗಲಿಲ್ಲ.

ತರಬೇತುದಾರರು ಮತ್ತು ನಾನು ಎದ್ದು ಸಿ ಕವಲಿನಲ್ಲಿ ನಡೆದು ಬಂದೆವು. ನಕ್ಷೆಯಲ್ಲಿ ಅದು ಮೂರರಲ್ಲಿ ಅತಿ ಸರಳ. ತಿರುವು ಕಡಿಮೆ, ಗೆರೆ ಹೆಚ್ಚೂಕಮ್ಮಿ ನೇರ. ಉದ್ದ ಅಳೆದರೆ ಮೂರೂ ಒಂದೇ, ಅದರಲ್ಲಿ ಪ್ಲಾನರ್ ಒಂದು ಚೂರೂ ತಪ್ಪಿರಲಿಲ್ಲ. ಆದರೆ ಅಲ್ಲಿ ಒಂದು ಮನೆಯ ಅಡಿಯಿಂದ ಹಾದುಹೋಗುವ ಕಿರಿದಾದ ದಾರಿ ಇದೆ. ಉರುಟು ಕಲ್ಲು, ಅದರ ಮೇಲೆ ಒದ್ದೆ ಎಲೆ. ಬೆಳಕಿನಿಂದ ಕತ್ತಲೆಗೆ ನುಗ್ಗಬೇಕು, ಒಳಗೆ ನಾಲ್ಕು ಮೆಟ್ಟಿಲು ಹತ್ತಬೇಕು, ಹೊರಬಿದ್ದ ತಕ್ಷಣ ಬಲಕ್ಕೆ ಪೂರ್ತಿ ತಿರುಗಬೇಕು. ಎಷ್ಟೇ ಗಟ್ಟಿ ಓಟಗಾರ್ತಿಯಾದರೂ ಅಲ್ಲಿ ಓಟ ನಿಂತು ನಡಿಗೆಯಾಗುತ್ತದೆ. ಸ್ಪ್ರಿಂಟ್ ನಕ್ಷೆಯಲ್ಲಿ ಮೆಟ್ಟಿಲಿಗೆ ಗುರುತು ಇದೆ, ಮನೆಯಡಿಯ ದಾರಿಗೂ ಗುರುತು ಇದೆ. ಆದರೆ ಕಲ್ಲಿನ ಮೇಲೆ ಒದ್ದೆ ಎಲೆ ಬಿದ್ದಿರುವುದನ್ನು ಯಾವ ನಕ್ಷೆಯೂ ಹೇಳೋದಿಲ್ಲ. ಊರಿನವರಾದ ಪ್ಲಾನರ್‌ಗೆ ಅದು ದಿನಾ ಓಡಾಡುವ ದಾರಿ.

ಹಿರಿಯರೂ ಒಪ್ಪಿದರು. ಸಮ ಅಂತ ಮಾತು ಕೊಟ್ಟಿದ್ದರು, ಸಮ ಇರಲಿಲ್ಲ. ಮೇಲ್ಮನವಿಯ ಮೊದಲ ಅಂಶ ನಿಂತಿತು.

ಎರಡನೆಯ ಅಂಶ, ಮೈಕಿನದ್ದು, ಕೇಳಲು ಬಲು ಗಟ್ಟಿ. ಆದರೆ ಯೋಚಿಸಿ ನೋಡಿದರೆ ಅದು ಅವಳನ್ನು ಮುಟ್ಟಿರಲಿಲ್ಲ. ಪ್ರತಿ ಸೆಮಿಯಿಂದ ಇಬ್ಬರು ಮುಂದಕ್ಕೆ. ಅವಳ ಪೈಪೋಟಿ ತನ್ನ ಸೆಮಿಯ ಐವರ ಜೊತೆ ಮಾತ್ರ. ಆ ಐವರಿಗೂ ಅವಳಷ್ಟೇ ಗೊತ್ತಿತ್ತು. ಮೂರನೇ ಸೆಮಿಯ ಆರೂ ಜನ ಕೇಳಿಸಿಕೊಂಡರು ಅಂತಿಟ್ಟುಕೊಂಡರೂ ಅವರೊಳಗೆ ಅವರು ಸಮಾನರೇ.

ನಷ್ಟ ಆದದ್ದು ಎರಡನೇ ಸೆಮಿಯಲ್ಲಿ. ಮಧ್ಯಂತರ ಸಮಯದ ಪಟ್ಟಿಯಲ್ಲಿ ಸಿ ಮುಂದೆ ಇದ್ದ ಎರಡನೇ ಹೆಸರು ಬಾಲ್ಟಿಕ್ ಸಮುದ್ರದ ಆಚೆಯಿಂದ ಬಂದಿದ್ದ ಒಬ್ಬ ಅತಿಥಿ ಓಟಗಾರ್ತಿಯದು. ಅವಳೂ ಮೂರನೆಯವಳಾಗಿ ಫೈನಲ್ ತಪ್ಪಿಸಿಕೊಂಡಿದ್ದಳು. ಅವಳಿಗೆ ಸ್ವೀಡಿಷ್ ಬರೋದಿಲ್ಲ. ಮೈಕಿನಲ್ಲಿ ಏನೋ ಕೂಗುತ್ತಿದ್ದರು ಅಂತಷ್ಟೇ ಗೊತ್ತು. ಪಕ್ಕದಲ್ಲೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಉಳಿದವರಿಗೆ ಅದು ಸುದ್ದಿಯಾಗಿತ್ತು, ಅವಳಿಗೆ ಸುಮ್ನೆ ಗದ್ದಲ. ಈ ದೇಶಕ್ಕೆ ಬಂದ ಹೊಸತರಲ್ಲಿ ನನಗೂ ಸ್ಟೇಷನ್ನಿನ ಮೈಕು ಹಾಗೇ ಕೇಳಿಸುತ್ತಿತ್ತು. ಅದಕ್ಕೇ ಅವಳು ಹೇಳಿದ್ದು ನನಗೆ ಚೆನ್ನಾಗಿ ನಾಟಿತು. ಅವಳು ದೂರನ್ನೇ ಕೊಟ್ಟಿರಲಿಲ್ಲ. ದೂರು ಕೊಡುವುದು ಹೇಗೆ, ಎಷ್ಟು ಹೊತ್ತಿನೊಳಗೆ ಅಂತ ತಿಳಿಸುವ ಬುಲೆಟಿನ್ ಕೂಡ ಸ್ವೀಡಿಷ್‌ನಲ್ಲಿ ಮಾತ್ರ ಇತ್ತು.

ತೀರ್ಮಾನ

ತಪ್ಪು ಆಗಿದೆ ಅನ್ನೋದು ಒಂದು, ಅದನ್ನು ಸರಿಪಡಿಸೋದು ಇನ್ನೊಂದು. ಸಿ ಓಡಿದವರ ಸಮಯದಿಂದ ಹತ್ತು ಸೆಕೆಂಡು ಕಳೆದುಬಿಡೋಣ ಅಂತ ಯಾರೋ ಸೂಚಿಸಿದರು. ಒಬ್ಬೊಬ್ಬರೇ ಓಡುವ ಓಟದಲ್ಲಾದರೆ ಅದನ್ನು ಯೋಚಿಸಬಹುದು. ಒಟ್ಟಿಗೆ ಓಡುವಾಗ ಆಗೋದಿಲ್ಲ. ಹಿಂದೆ ಬಿದ್ದವಳು ಗಾಬರಿಯಲ್ಲಿ ಬೇರೆ ರೀತಿ ಓಡುತ್ತಾಳೆ, ಮುಂದಿರುವವಳು ಉಸಿರು ಉಳಿಸಿಕೊಂಡು ಓಡುತ್ತಾಳೆ. ಸೆಕೆಂಡು ಕಳೆದರೆ ನಡೆಯದೇ ಇದ್ದ ಓಟಕ್ಕೆ ಫಲಿತಾಂಶ ಕೊಟ್ಟ ಹಾಗೆ. ಸೆಮಿ ಮತ್ತೆ ಓಡಿಸೋಣ ಅಂದರೆ ಎಲ್ಲರಿಗೂ ಈಗ ಕವಲು ಗೊತ್ತು, ಬೇರೆ ಕವಲಿನ ನಕ್ಷೆ ಇಲ್ಲ, ಕಾಲುಗಳೂ ದಣಿದಿವೆ. ಸೆಮಿ ರದ್ದು ಮಾಡಿ ಬೆಳಗಿನ ಓಟದ ಮೇಲೆ ಆರು ಜನರನ್ನು ತೆಗೆದುಕೊಂಡರೆ ಸರಿಯಾಗಿ ಗೆದ್ದವರಿಗೇ ಅನ್ಯಾಯ.

ಉಳಿದದ್ದು ಒಂದೇ ದಾರಿ. ಸಿ ಓಡಿದ ಇಬ್ಬರನ್ನೂ ಫೈನಲ್‌ಗೆ ಸೇರಿಸುವುದು, ಎಂಟು ಜನರ ಫೈನಲ್ ನಡೆಸುವುದು. ಫೈನಲ್‌ನಲ್ಲಿ ಕವಲು ಇರಲಿಲ್ಲ, ಹೆಚ್ಚುವರಿ ನಕ್ಷೆ ಅಚ್ಚಾಗಿತ್ತು. ಅತಿಥಿ ಮೇಲ್ಮನವಿ ಕೊಟ್ಟಿರಲಿಲ್ಲ, ಅವಳನ್ನು ಸೇರಿಸಬಹುದಾ ಅಂತ ಹಿರಿಯರು ಅಳುಕಿದರು. ಮೇಲ್ಮನವಿ ಕವಲಿನ ಬಗ್ಗೆ, ಆ ಕವಲಿನಲ್ಲಿ ಓಡಿದವರೆಲ್ಲ ಅದರೊಳಗೆ ಬರುತ್ತಾರೆ ಅಂತ ನಾವಿಬ್ಬರು ವಾದಿಸಿದೆವು. ಕೊನೆಗೆ ಮೂವರೂ ಸಹಿ ಹಾಕಿದೆವು.

ಎಲ್ಲರಿಗೂ ಸಮಾಧಾನವಾಗಲಿಲ್ಲ. ಮೂರನೇ ಸೆಮಿಯಲ್ಲಿ ಕೂದಲೆಳೆಯಲ್ಲಿ ಸೋತವಳು ಬಂದು ಕೇಳಿದಳು: "ನಾನೂ ಮೂರನೆಯವಳೇ, ನನಗ್ಯಾಕಿಲ್ಲ?" ಅವಳ ಸೆಮಿಯಲ್ಲಿ ಎಲ್ಲರೂ ಒಂದೇ ಕವಲು ಓಡಿದ್ದರಿಂದ ಕವಲಿನಿಂದ ಯಾರಿಗೂ ನಷ್ಟವಾಗಿಲ್ಲ ಅಂತ ವಿವರಿಸಿದೆವು. ತರ್ಕ ಅರ್ಥವಾಯಿತು, ಬೇಸರ ಹೋಗಲಿಲ್ಲ. ಫೈನಲ್‌ಗೆ ಗೆದ್ದು ಬಂದಿದ್ದ ಇಬ್ಬರು ಗೊಣಗಿದರು. ಆರು ಜನ ಅಂತ ಬಂದವರಿಗೆ ಎಂಟು ಜನ, ಅದರಲ್ಲೂ ಓಟ ತಡ, ಮೈ ತಣ್ಣಗಾಗಿತ್ತು. ಅವರ ಮಾತಿನಲ್ಲೂ ಹುರುಳಿದೆ. ಸೇರಿಸಿಕೊಳ್ಳುವುದಕ್ಕೂ ಒಂದು ಬೆಲೆ ಇದೆ, ಅದನ್ನು ತೆತ್ತವರು ತಪ್ಪು ಮಾಡದವರು.

ಸೇರಿಕೊಂಡ ಇಬ್ಬರೂ ಮೊದಲ ಮೂರರಲ್ಲಿ ಬರಲಿಲ್ಲ. ಹಾಗಾಗಿ ಗಲಾಟೆ ಅಲ್ಲಿಗೇ ನಿಂತಿತು. ಒಬ್ಬಳು ಗೆದ್ದಿದ್ದರೆ ಇಡೀ ಚಳಿಗಾಲ ಇದೇ ಮಾತು ನಡೆಯುತ್ತಿತ್ತು. ಆದರೆ ತೀರ್ಮಾನ ಸರಿಯೋ ತಪ್ಪೋ ಅನ್ನೋದನ್ನು ಅದರಿಂದ ಅಳೆಯಬಾರದು. ಅವಳು ಗೆದ್ದಿದ್ದರೂ ನಾನು ಅಲ್ಲೇ ಸಹಿ ಹಾಕುತ್ತಿದ್ದೆ.

ಇದರಿಂದ ಸಿಕ್ಕಿದ್ದು

ನಾಕೌಟ್ ಬೇಡ, ಹಳೆಯದೇ ಇರಲಿ ಅಂತ ಕೆಲವರು ಹೇಳಿದರು. ನನಗೆ ಅದು ಒಪ್ಪಿಗೆಯಿಲ್ಲ. ಮಾದರಿಯಲ್ಲಿ ತೊಂದರೆ ಇರಲಿಲ್ಲ. ಕ್ಲಬ್ಬು ಎರಡು ಬೇರೆ ಬೇರೆ ಆಟಗಳನ್ನು ಒಂದರಲ್ಲೇ ಬೆರೆಸಿತ್ತು. ಕವಲು ಸುಮ್ಮನೆ ಗುಂಪು ಒಡೆಯಲಿಕ್ಕೆ ಅಂದರೆ ಅದು ಸಮಯದಲ್ಲಿ ಸಮ ಇರಬೇಕು, ಅದನ್ನು ಓಡಿಸಿ ತೋರಿಸಬೇಕು. ಆಯ್ಕೆಯೇ ಕೌಶಲದ ಪರೀಕ್ಷೆ ಅಂದರೆ ವ್ಯತ್ಯಾಸ ಇರಲಿ, ಆದರೆ ಒಂದು ಬೇಗ, ಒಂದು ನಿಧಾನ, ಹುಡುಕಿಕೊಳ್ಳಿ ಅಂತ ಮೊದಲೇ ಹೇಳಬೇಕು, ಮತ್ತು ನಿಧಾನ ಯಾಕೆ ಅನ್ನೋದು ನಕ್ಷೆಯಲ್ಲಿ ಕಾಣಬೇಕು. ಸಮ ಅಂತ ಹೇಳಿ, ಆಮೇಲೆ ನೀನೇ ಆರಿಸಿದ್ದು ಅನ್ನುವ ಹಾಗಿಲ್ಲ.

ಇನ್ನೊಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಎರಡೂ ಕಡೆಯಿಂದ ಪೆಟ್ಟು ತಿಂದವಳು ಬಾಯಿ ಬಿಟ್ಟಿರಲಿಲ್ಲ. ಬೇರೊಬ್ಬಳು ಧೈರ್ಯ ಮಾಡಿ ಬರೆದುಕೊಟ್ಟಿದ್ದಕ್ಕೆ, ನಾವು ಪಟ್ಟಿ ತೆರೆದದ್ದಕ್ಕೆ ಅವಳ ಹೆಸರು ಕಂಡಿತು. ಇಲ್ಲದಿದ್ದರೆ ಹಡಗು ಹತ್ತಿ ಮನೆಗೆ ಹೋಗುತ್ತಿದ್ದಳು. ಪ್ರಯೋಗದ ಓಟ ಇಟ್ಟವರು ದೂರು ಬರಲಿ ಅಂತ ಕಾಯಬಾರದು. ಪ್ರತಿ ಸುತ್ತು ಮುಗಿದ ತಕ್ಷಣ ಕವಲಿನ ಸಮಯವನ್ನು ತಾವೇ ನೋಡಬೇಕು, ಅದಕ್ಕೆ ಹತ್ತು ನಿಮಿಷ ಸಾಕು.

ಪ್ಲಾನರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಆ ಹಾಳೆಯನ್ನು ಅವರು ಕೊಡದೇ ಇರಬಹುದಿತ್ತು. ಕೊಟ್ಟರು. ಅದಿಲ್ಲದೆ ಇಬ್ಬರ ಸಮಯ ಮಾತ್ರ ಇಟ್ಟುಕೊಂಡು ನಾವು ಮೂವರೂ ಒಮ್ಮತಕ್ಕೆ ಬರುತ್ತಿದ್ದೆವು ಅಂತ ನನಗನಿಸೋದಿಲ್ಲ.

ಮರುವರ್ಷ ಅದೇ ಕ್ಲಬ್ಬು, ಅದೇ ಪ್ಲಾನರ್, ಮತ್ತೆ ನಾಕೌಟ್ ಇಟ್ಟರು. ಕವಲುಗಳನ್ನು ಬೇರೆ ಊರಿನ ಮೂವರು ಕ್ರಮ ಬದಲಿಸಿ ಓಡಿದರು, ಅವರ ಸಮಯವನ್ನು ಓಟ ಮುಗಿದ ಮೇಲೆ ಫಲಿತಾಂಶದ ಜೊತೆ ಗೋಡೆಗೆ ಅಂಟಿಸಿದರು. ಕೊನೆಯ ಸೆಮಿ ಹೊರಡುವವರೆಗೆ ಕವಲಿನ ಅಕ್ಷರ ಮೈಕಿನಲ್ಲಿ ಹೇಳಬಾರದು ಅಂತ ಕಾಮೆಂಟೇಟರ್‌ಗೆ ತಿಳಿಸಿದರು. ಬುಲೆಟಿನ್ ಸ್ವೀಡಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಬಂತು. ಅದರಲ್ಲಿ ಹೊಸದೊಂದು ಸಾಲು: ಕವಲಿನಲ್ಲಿ ತಪ್ಪಾಗಿದೆ ಅಂತ ಜ್ಯೂರಿ ಕಂಡರೆ ಫೈನಲ್‌ಗೆ ಯಾರನ್ನೂ ಸೇರಿಸೋದಿಲ್ಲ, ಆ ಸೆಮಿಯನ್ನು ಬದಲಿ ನಕ್ಷೆಯಲ್ಲಿ ಮತ್ತೆ ಓಡಿಸುತ್ತೇವೆ. ನಮ್ಮ ತೀರ್ಮಾನಕ್ಕಿಂತ ಅದು ಒಳ್ಳೆಯದಾ? ಹಿರಿಯರು ಹೌದು ಅನ್ನುತ್ತಾರೆ. ಮತ್ತೆ ಓಡಬೇಕಾದ ಆರು ಜನ ದಣಿದ ಕಾಲಿನಲ್ಲಿ ಫೈನಲ್‌ಗೆ ಬರುತ್ತಾರಲ್ಲ ಅನ್ನೋದು ನನ್ನ ತಕರಾರು. ಬದಲಿ ನಕ್ಷೆಯ ಕಟ್ಟು ಅವತ್ತು ಬಿಚ್ಚಲಿಲ್ಲ, ಹಾಗಾಗಿ ನಮ್ಮ ವಾದ ಇನ್ನೂ ಮುಗಿದಿಲ್ಲ.